ಮೂರಕ್ಷರದ ಹುಡುಗಿ

ದೀಪ ಆರಿಸಬೇಡಿ, ಇರಲಿ. ಬಾಗಿಲು ಮಾತ್ರ ಮುಂದೆ ಮಾಡಿ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಹಳೇ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಾನಲ್ಲ, ಎಲ್ಲರೂ ಕ್ಯಾಸೆಟ್ಟು ಕ್ಯಾಸೆಟ್ಟು ಅಂತ ಕರೀತಾರಲ್ಲ... ಅವನಿಗೆ.

ಅವತ್ತು ಅವನು ಅಂಗಡಿ ಮುಚ್ಚಿದಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಷಟರ್ ಎಳೆದ. ಗರ್ರ್... ಧಡ್. ಬೀಗ ಹಾಕಿ ಜಗ್ಗಿ ನೋಡಿ ಹೊರಟ. ಅಂಗಡಿ ಸಾಲು ಮುಗಿದ ಮೇಲೆ ಒಂದು ಹಾಳು ಬಾವಿ ಇದೆ. ನೀರು ಸೇದೋರು ಯಾರೂ ಇಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿಕಟ್ಟೆ ದಾಟಿ ಸ್ವಲ್ಪ ದೂರ ಹೋಗಿದ್ದ, ಅಷ್ಟೇ.

ಟಕ್... ಟಕ್ ಟಕ್... ಟಕ್.

ಹಲ್ಲಿ ಅಲ್ಲ. ನೀರು ತೊಟ್ಟಿಕ್ಕೋದೂ ಅಲ್ಲ. ಜಾಯ್‌ಸ್ಟಿಕ್ಕಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಬರುತ್ತಲ್ಲ, ಆ ಸದ್ದು. ದಿನವಿಡೀ ಅದನ್ನೇ ಕೇಳೋ ಮನುಷ್ಯ ಅವನು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾನೆ. ನಿಂತ. ಸದ್ದೂ ನಿಂತಿತು.

"ಅಂಕಲ್..."

ತುಂಬ ಸಣ್ಣ ದನಿ. ಬಾವಿ ಕಡೆಯಿಂದ.

ಅವನು ಏನು ಹೇಳಿದ ಅನ್ನೋದಕ್ಕೆ ಮೊದಲು, ಅವತ್ತು ಸಂಜೆ ಅಂಗಡಿಯಲ್ಲಿ ಏನು ಮಾಡಿ ಬಂದಿದ್ದ ಅಂತ ಹೇಳಬೇಕು. ಇಲ್ಲದಿದ್ದರೆ ಪಾಪ ಅಂತ ನೀವು ಅವನಿಗೇ ಮರುಗಿಬಿಡ್ತೀರಿ.

ನೋಡಿ, ಹಳೇ ಗೇಮಿನ ಅಂಗಡಿ ಅಂದರೆ ಕೇಳೋಕೆ ಚೆಂದ. ಗೋಡೆ ತುಂಬ ಬಣ್ಣಬಣ್ಣದ ಕ್ಯಾಸೆಟ್ಟು, ಮೂಲೆಯಲ್ಲಿ ಡಬ್ಬಾ ಟಿವಿ, ಅದರ ಮುಂದೆ ಎರಡು ಮೋಟು ಸ್ಟೂಲು. ಬಂದವರೆಲ್ಲ "ಅಯ್ಯೋ, ಇದು ನಮ್ಮ ಮನೇಲಿತ್ತು" ಅನ್ನೋರು. ಫೋಟೋ ತೆಗೆಯೋರು. ಒಂದು ಆಟ ಆಡೋರು. ಹೋಗೋರು. ಕೊಳ್ಳೋನು ನೂರಕ್ಕೊಬ್ಬ. ಅವನೂ ಬೆಲೆ ಕೇಳಿ ಫೋನಲ್ಲಿ ತಾಳೆ ನೋಡಿ ನಗೋನು. ಇನ್ನು ಮಾಲು... ಅದನ್ನು ಮಾಡೋ ಕಂಪನಿಗಳು ಯಾವತ್ತೋ ನಿಲ್ಲಿಸಿವೆ. ಹೊಸದಾಗಿ ಎಲ್ಲಿಂದ ಬರಬೇಕು? ಅಟ್ಟದಿಂದ. ಮಂಚದ ಕೆಳಗಿಂದ. ಸತ್ತವರ ಬೀರುವಿನಿಂದ.

ಯಾರ ಮನೆಯಲ್ಲಾದರೂ ಪ್ರಾಯದವರು ಹೋದರು ಅಂತ ಕೇಳಿದರೆ ಇವನ ಕಿವಿ ನೆಟ್ಟಗಾಗ್ತಿತ್ತು. ಅಳು ಆರೋ ಮೊದಲೇ ಹಾಜರು. ಮುಖ ಸಣ್ಣ ಮಾಡಿಕೊಂಡು, "ಇದನ್ನೆಲ್ಲ ನೋಡ್ತಿದ್ದರೆ ನಿಮಗೇ ಸಂಕಟ ಅಮ್ಮ, ನಾನು ಸಾಗಿಸಿಬಿಡ್ತೀನಿ" ಅನ್ನೋನು. ಬೀದಿ ತಿರುವಿಗೆ ಬರೋದರೊಳಗೆ ಚೀಲದ ಬಾಯಿ ಬಿಚ್ಚಿ, ಯಾವ ಕ್ಯಾಸೆಟ್ಟು ಸಿಕ್ಕಿತು ಅಂತ ನೋಡಿ ಹಲ್ಲು ಕಿರಿಯೋನು.

ಅಷ್ಟು ಮಾಡಿದರೂ ಅಂಗಡಿ ಕುಂಟುತ್ತಲೇ ಇತ್ತು. ಕಟ್ಟಡದ ಯಜಮಾನ ಬಂದು, "ಮೊಬೈಲ್ ಕವರಿನವರು ಮಳಿಗೆ ಕೇಳ್ತಿದ್ದಾರೆ, ನಿನ್ನದೇನು?" ಅಂತ ಹೇಳಿಹೋಗಿದ್ದ. ಅದೇ ಹೊತ್ತಿಗೆ ಕನ್ನಡಕದವನೊಬ್ಬ ಗಂಟುಬಿದ್ದ. ಹಳೇ ಗೇಮುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡೋ ಗಿರಾಕಿ. ಅವನಿಗೊಂದು ಕ್ಯಾಸೆಟ್ಟು ಬೇಕಿತ್ತು. ಹಳದಿ ಬಣ್ಣದ್ದು, ಹಡಗಿನ ಆಟ. ಎಲ್ಲೂ ಸಿಗಲ್ಲ. "ಅದೊಂದು ತಂದುಕೊಡು, ಆಮೇಲೆ ನಿನ್ನ ಅಂಗಡಿ ಚಿಂತೆ ನನಗೆ ಬಿಡು" ಅಂದಿದ್ದ.

ಆ ಹಳದಿ ಕ್ಯಾಸೆಟ್ಟು ತಾನಾಗೇ ನಡಕೊಂಡು ಬಂತು. ತಂದವಳು ಬಸ್ಸಿನ ಕಂಡಕ್ಟರಮ್ಮ. ಕೆಲಸ ಮುಗಿಸಿ, ಹೆಗಲಿನ ಟಿಕೆಟ್ ಚೀಲವನ್ನೂ ಇಳಿಸದೆ ಬಂದು ನಿಂತಿದ್ದಳು. ಕರ್ಚೀಫಿನಲ್ಲಿ ಸುತ್ತಿದ್ದನ್ನು ಬಿಚ್ಚಿ ಗಾಜಿನ ಮೇಲಿಟ್ಟಳು.

"ಮಾರೋಕಲ್ಲ ತಮ್ಮಾ, ರಿಪೇರಿಗೆ. ನನ್ನ ಮಗಳದು. ಆಡಿ ಗೆದ್ದರೆ ಕೊನೇಲಿ ಹೆಸರು ಬರುತ್ತಲ್ಲ... ಅವಳ ಹೆಸರು ಎಲ್ಲಕ್ಕಿಂತ ಮೇಲಿದೆ. ಅವಳು ಹೋದ ಮೇಲೆ ನಾನು ದಿನಾ ಒಂದು ಸಲ ಹಾಕಿ ನೋಡ್ತೀನಿ. ಈಗ ಒಂದೊಂದು ದಿನ ಹೆಸರು ಬರಲ್ಲ. ಮತ್ತೆ ಬರುತ್ತೆ. ನನಗೆ ಜೀವವೇ ಹೋದಂಗಾಗುತ್ತೆ."

ಅವನು ಟಿವಿಗೆ ಹಾಕಿ ನೋಡಿದ. ಇತ್ತು. ಅಂಥ ಆಟಗಳಲ್ಲಿ ಹೆಸರಿಗೆ ಮೂರೇ ಅಕ್ಷರಕ್ಕೆ ಜಾಗ ಇರೋದು. ಆ ಮೂರಕ್ಷರ ಏನು ಅಂತ ಕೇಳಬೇಡಿ. ಹಗಲಾದರೂ ಹೇಳಲ್ಲ, ಈ ಹೊತ್ತಲ್ಲಂತೂ...

ಕಾಯಿಲೆ ಸಣ್ಣದು. ಕ್ಯಾಸೆಟ್ಟಿನೊಳಗೆ ವಾಚಿನದ್ದರಂಥ ಒಂದು ಸೆಲ್ಲು ಇರುತ್ತೆ. ಅದು ಇರೋವರೆಗೆ ಹೆಸರಿನ ನೆನಪು. ಸೆಲ್ಲು ಸತ್ತರೆ ನೆನಪೂ ಸತ್ತಂತೆ. ಆದರೆ ಹಳೇದನ್ನು ಕೀಳೋ ಮೊದಲು ಹೊಸದನ್ನು ಪಕ್ಕದಲ್ಲಿ ಬೆಸುಗೆ ಹಾಕಿದರೆ ಹೆಸರು ಹಾಗೇ ಉಳಿಯುತ್ತೆ. ಕೈ ನಡುಗಬಾರದು, ಅಷ್ಟೇ. ಇವನಿಗೆ ಅದು ನೀರು ಕುಡಿದಷ್ಟು ಸಲೀಸು.

"ಬಿಟ್ಟುಹೋಗಿ ಅಮ್ಮ, ನಾಳೆ ಸಂಜೆ ಬನ್ನಿ" ಅಂದ. ಅವಳು ಹೊರಗೆ ಕಾಲಿಡುತ್ತಲೇ ಕನ್ನಡಕದವನಿಗೆ ಫೋನ್ ಮಾಡಿದ.

ಮಾರನೇ ದಿನ ಸಂಜೆ ಅವಳು ಬಂದಾಗ ಹಳದಿ ಚಿಪ್ಪು ತಯಾರಿತ್ತು. ಒಳಗಿನ ಜೀವ ಬೇರೆ. ಯಾವುದೋ ಕೆಟ್ಟುಹೋದ ಫುಟ್‌ಬಾಲ್ ಆಟದ ಬೋರ್ಡು ತುರುಕಿ ಸ್ಕ್ರೂ ಬಿಗಿದಿದ್ದ. ಅವಳದ್ದನ್ನು ಇನ್ನೊಂದು ಹಳದಿ ಚಿಪ್ಪಿಗೆ ಹಾಕಿ, ಟೇಬಲ್ಲಿನ ಖಾನೆಯಲ್ಲಿ ಬಚ್ಚಿಟ್ಟಿದ್ದ.

"ಸುಟ್ಟುಹೋಗಿದೆ ಅಮ್ಮ. ಬಿಚ್ಚಿದಾಗಲೇ ವಾಸನೆ ಬಂತು. ಏನೂ ಮಾಡೋಕಾಗಲಿಲ್ಲ."

ಅವಳು ಸ್ವಲ್ಪ ಹೊತ್ತು ಆ ಹಳದಿ ಡಬ್ಬಿಯನ್ನೇ ಸವರಿದಳು.

"ಒಂದು ಸಲ... ಹೆಸರು ಮಾತ್ರ... ಬರಲ್ವಾ?"

"ಇಲ್ಲ."

"ಪರವಾಗಿಲ್ಲ ಬಿಡು ತಮ್ಮಾ. ಪಾಪ, ನೀನು ಕಷ್ಟಪಟ್ಟೆಯಲ್ಲ" ಅಂದಳು. ಕರ್ಚೀಫಿನಲ್ಲಿ ಮತ್ತೆ ಸುತ್ತಿಕೊಂಡಳು. ಬಾಗಿಲಲ್ಲಿ ತಿರುಗಿ ಟಿವಿ ಕಡೆ ನೋಡಿ ಹೋದಳು.

ಅಲ್ಲಿವರೆಗೂ ಹೆಸರು ಇತ್ತು, ತಿಳಿದುಕೊಳ್ಳಿ. ಖಾನೆಯೊಳಗೆ ಜೀವಂತ ಇತ್ತು. ಕನ್ನಡಕದವನು ಹೊಸ ಸೆಲ್ಲು ಹಾಕಿಸು ಅಂದಿದ್ದ, ಹೆಸರು ಅಳಿಸು ಅಂತ ಅವನೂ ಹೇಳಿರಲಿಲ್ಲ. ಇವನಿಗೇ ಸೋಮಾರಿತನ. ಪಕ್ಕದಲ್ಲಿ ಬೆಸುಗೆ ಹಾಕಿಕೊಂಡು ಯಾವನು ಕೂರ್ತಾನೆ? ಸತ್ತ ಹುಡುಗಿ ಹೆಸರಿಂದ ಯಾರಿಗೇನಾಗಬೇಕು? ಕಾದ ಕಡ್ಡಿ ಮುಟ್ಟಿಸಿದ. ಚುಯ್ಯ್... ಅಂತು. ಸೆಲ್ಲು ಕಿತ್ತು ಬುಟ್ಟಿಗೆ ಎಸೆದ. ಟಿಣ್.

ಹೊಸದು ಹಾಕಿ ಟಿವಿಯಲ್ಲಿ ನೋಡಿದರೆ ಹೆಸರಿನ ಜಾಗದಲ್ಲಿ ಮೂರು ಗೀಟು. ಕನ್ನಡಕದವನು ಬಂದು ಎದೆಗವಚಿಕೊಂಡು ಹೋದ. ಇವನು ಸಿಳ್ಳೆ ಹಾಕಿಕೊಂಡು ಷಟರ್ ಎಳೆದ.

ಆಮೇಲೆ ಬಾವಿ. ಆಮೇಲೆ ಆ ದನಿ.

"ಅಂಕಲ್... ನಮ್ಮನೆ ಯಾವ ಕಡೆ?"

ನೋಡಿದ. ಜಾಲರಿಯಾಚೆ ಕತ್ತಲು. ಏನೋ ಇದೆ ಅನ್ನಿಸುತ್ತೆ, ಆಕಾರ ಇಲ್ಲ. ಯಾರೋ ಹುಡುಗಿ ದಾರಿ ತಪ್ಪಿದ್ದಾಳೆ ಅಂದುಕೊಂಡ.

"ಎಲ್ಲಿಂದ ಬಂದೆ?"

"ನೆನಪಿಲ್ಲ... ಇದ್ದಕ್ಕಿದ್ದಂಗೆ ಹೋಯ್ತು."

ಅವನಿಗೆ ಕಾಲು ನೋವು, ಹಸಿವು. ಮಗುವನ್ನು ಕೈಹಿಡಿದು ವಿಚಾರಿಸೋ ತಾಳ್ಮೆ ಎಲ್ಲಿಂದ ಬರಬೇಕು? ಬಾಯಿಗೆ ಬಂದದ್ದು ಅಂದ. "ಮನೆ ನೆನಪಿಲ್ಲದಿದ್ದರೆ ನಮ್ಮನೆಗೇ ಬಾ. ನಮ್ಮಮ್ಮನಿಗೂ ಹೆಣ್ಣುಮಗು ಇಲ್ಲ."

ಅಂದವನೇ ತಿರುಗಿ ನಡೆದ.

ಹಿಂದೆ ಹೆಜ್ಜೆ ಸದ್ದಿಲ್ಲ. ಬರೀ... ಟಕ್. ಟಕ್ ಟಕ್. ಬೀದಿ ತಿರುಗಿದರೂ ಟಕ್. ಮೆಟ್ಟಿಲು ಹತ್ತಿದರೂ ಟಕ್. ತಿರುಗಿ ನೋಡಲಿಲ್ಲ ಅವನು. ನೋಡೋ ಧೈರ್ಯ ಇರಲಿಲ್ಲ.

ದೊಡ್ಡಮ್ಮ ಬಾಗಿಲು ತೆಗೆದಳು. ಮಗನ ಮುಖ ನೋಡಲಿಲ್ಲ. ಅವನ ಪಕ್ಕಕ್ಕೆ, ಸೊಂಟದ ಎತ್ತರಕ್ಕೆ ನೋಡಿದಳು.

"ಬಾ ಪುಟ್ಟಿ" ಅಂದಳು.

ಅವನು ನಕ್ಕುಬಿಟ್ಟ. ನಿದ್ದೆಗಣ್ಣು ಅಂದುಕೊಂಡ.

ಬೆಳಿಗ್ಗೆ ಮೇಜಿನ ಮೇಲೆ ಎರಡು ತಟ್ಟೆ. ಒಂದು ಅಮ್ಮನದು. ಇನ್ನೊಂದಕ್ಕೆ ಇವನು ಕೈ ಹಾಕಿದರೆ ಅವಳು ಎಳೆದುಕೊಂಡಳು. "ಅದು ಅವಳದು. ನೀವು ತಡೀರಿ, ಕೊಡ್ತೀನಿ." ನೀವು ಅಂದಳು. ಹೆತ್ತ ಮಗನಿಗೆ.

ದೊಡ್ಡಮ್ಮನಿಗೆ ಮರೆವಿನ ಕಾಯಿಲೆ ಅಂತ ನೀವು ಅಂದುಕೊಳ್ಳಬಹುದು. ಇವನೂ ಹಾಗೇ ಅಂದುಕೊಂಡು ಡಾಕ್ಟರ ಹತ್ತಿರ ಕರಕೊಂಡು ಹೋದ. ಡಾಕ್ಟರು ಏನು ಕೇಳಿದರೂ ಪಟಪಟ ಉತ್ತರ. ಯಜಮಾನರು ತೀರಿಕೊಂಡ ದಿನ, ತಂಗಿಯ ಫೋನ್ ನಂಬರು, ಎಲ್ಲ ನೆನಪಿತ್ತು. "ಈ ಜೊತೇಲಿ ಬಂದಿರೋರು ಯಾರಮ್ಮ?" ಅಂದರೆ ಮಾತ್ರ ಸಂಕೋಚದಿಂದ ನಕ್ಕಳು. "ಗೊತ್ತಿಲ್ಲ ಡಾಕ್ಟರೇ. ಒಳ್ಳೆಯವರು. ಆಟೋ ಹಿಡಿದುಕೊಟ್ಟರು."

"ಮಕ್ಕಳೆಷ್ಟು?"

"ಒಬ್ಬಳೇ ಮಗಳು." ಹೆಸರೂ ಹೇಳಿದಳು.

ಅದೇ ಮೂರಕ್ಷರ. ಇವನು ಆ ಹೆಸರನ್ನು ಮನೆಯಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವತ್ತಿಂದ ಅವನ ಕೋಣೆಗೆ ಒಳಗಿಂದ ಚಿಲಕ. ಬಾಗಿಲಿಗೆ ಕಿವಿ ಕೊಟ್ಟರೆ ಟಕ್... ಟಕ್ ಟಕ್. ಒಮ್ಮೊಮ್ಮೆ ಮೆಲ್ಲಗೆ ನಗು. ಅಮ್ಮ ಬಂದು ತುಟಿ ಮೇಲೆ ಬೆರಳಿಡೋಳು. "ಸದ್ದು ಮಾಡಬೇಡಿ. ಆಡ್ತಿದ್ದಾಳೆ."

ಕನ್ನಡಕದವನ ಮನೆಗೆ ಓಡಿದ. ಕಾಲು ಹಿಡಿದು ಆ ಕ್ಯಾಸೆಟ್ಟು ಈಸಿಕೊಂಡ. ಅವನೆದುರಿಗೇ ಕೂತು, ಬೆವರಿಕೊಂಡು, ಹಡಗು ದಡ ಸೇರೋವರೆಗೆ ಆಡಿದ. ಹೆಸರಿನ ಜಾಗ ಬಂತು. ಆ ಮೂರಕ್ಷರ ಒಂದೊಂದೇ ಒತ್ತಿದ. ಆಫ್ ಮಾಡಿ ಮತ್ತೆ ಹಾಕಿದ. ಮೂರು ಗೀಟು. ಮತ್ತೆ ಆಡಿದ. ಮತ್ತೆ ಮೂರು ಗೀಟು. ಪರೀಕ್ಷೆಗೆ ಕನ್ನಡಕದವನು ತನ್ನ ಹೆಸರು ಹಾಕಿದ. ಅದು ಗಟ್ಟಿಯಾಗಿ ನಿಂತಿತು.

ಉಳಿದದ್ದು ಒಂದೇ ದಾರಿ. ಬಸ್ ಡಿಪೋದಲ್ಲಿ ಕೇಳಿಕೊಂಡು ಕಂಡಕ್ಟರಮ್ಮನ ಮನೆಗೆ ಹೋದ. ಎಲ್ಲ ಒಪ್ಪಿಕೊಂಡು, ಅವಳನ್ನು ಕರಕೊಂಡು ಹೋಗಿ ಮಗಳನ್ನು ಒಪ್ಪಿಸಿಬಿಡೋದು ಅಂತ. ತಾಯಿ ಕರೆದರೆ ಬರದೇ ಇರ್ತಾಳಾ?

ಕಂಡಕ್ಟರಮ್ಮ ಬಾಗಿಲಲ್ಲಿ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಮುಖ ಗೆಲುವಾಗಿತ್ತು. ಎಷ್ಟೋ ವರ್ಷದ ಮೇಲೆ ನಿದ್ದೆ ಸಿಕ್ಕವಳ ಹಾಗೆ.

"ಅಮ್ಮಾ, ನಾನು ತಪ್ಪು ಮಾಡಿದೆ. ನಿಮ್ಮ ಮಗಳ ಕ್ಯಾಸೆಟ್ಟು..."

"ಯಾರ ಮಗಳು?"

"ನಿಮ್ಮ ಮಗಳು ಅಮ್ಮ. ಹೋಗಿಬಿಟ್ಟಳಲ್ಲ..."

ಅವಳು ನಕ್ಕಳು. "ಮನೆ ತಪ್ಪಿ ಬಂದಿದ್ದೀಯ ತಮ್ಮಾ. ನನಗೆ ಮಕ್ಕಳೇ ಆಗಲಿಲ್ಲ."

ಇವನು ಆ ಮೂರಕ್ಷರ ಹೇಳಿದ. ಮತ್ತೆ ಹೇಳಿದ. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅವಳ ಹಿಂದೆ ಗೋಡೆ ಮೇಲೆ ಫೋಟೋ ಇಳಿಸಿದ ಜಾಗ ಚೌಕಾಕಾರಕ್ಕೆ ಬೆಳ್ಳಗೆ ಕಾಣ್ತಿತ್ತು. "ಒಂದು ಹಳದಿ ಡಬ್ಬಿ ಇತ್ತು ನೋಡು ಮನೇಲಿ" ಅಂದಳು. "ಯಾಕಿತ್ತೋ, ಯಾರದೋ. ಗುಜರಿಯವನಿಗೆ ಹಾಕಿದೆ."

ಅವನು ಮನೆಗೆ ಬರೋ ಹೊತ್ತಿಗೆ ಕತ್ತಲಾಗಿತ್ತು. ಬಾಗಿಲು ಹಾಕಿತ್ತು. ಅವನ ಬೀಗದ ಕೈ ಬೀಗಕ್ಕೆ ಕೂರಲಿಲ್ಲ. ಕದ ತಟ್ಟಿದ.

"ಅಮ್ಮಾ... ನಾನು."

ಕಿಟಕಿ ಬೆರಳಗಲ ತೆರೀತು. ಅಮ್ಮನ ಕಣ್ಣು.

"ಯಾರು?"

"ನಾನಮ್ಮ. ನಿನ್ನ ಮಗ."

"ಹೊತ್ತಲ್ಲದ ಹೊತ್ತಲ್ಲಿ ಹಿಂಗೆಲ್ಲ ಬರಬಾರದಪ್ಪ. ಹೆಣ್ಣುಮಗು ಇರೋ ಮನೆ" ಅಂತ ಪಿಸುಗುಟ್ಟಿದಳು. ಬೈಯಲಿಲ್ಲ. ಹೆದರಿದ್ದಳು. ಹೆತ್ತಮ್ಮ, ಅವನನ್ನು ಕಂಡು ಹೆದರಿದ್ದಳು.

ಅವಳ ಹಿಂದಿನಿಂದ ಆ ಸಣ್ಣ ದನಿ. "ಯಾರಮ್ಮಾ?"

"ಯಾರೋ ಪುಟ್ಟಿ. ಮನೆ ಗೊತ್ತಿಲ್ವಂತೆ."

ಆಮೇಲೆ ಆ ಹುಡುಗಿ ಅಂದಳಂತೆ, ತುಂಬ ನಿಧಾನಕ್ಕೆ, "ಕಿಟಕಿ ಹಾಕಮ್ಮ."

ಕಿಟಕಿ ಹಾಕಿತು. ಚಿಲಕ ಬಿತ್ತು. ಟಕ್.

ಈಗ ಅವನು ಅಂಗಡಿಯಲ್ಲೇ ಮಲಗ್ತಾನೆ. ಎರಡು ಕಪಾಟಿನ ನಡುವೆ ಚಾಪೆ. ಕನ್ನಡಕದವನು ಮಾತಿಗೆ ತಪ್ಪಲಿಲ್ಲ, ಅಂಗಡಿ ಉಳೀತು. ವ್ಯಾಪಾರವೂ ಪರವಾಗಿಲ್ಲ. ಆದರೆ ಯಾರಾದರೂ ಆಡುತ್ತಾ ಕೊನೆಗೆ ಹೆಸರು ಹಾಕೋ ಜಾಗಕ್ಕೆ ಬಂದರೆ ಸಾಕು, ಅವನು ಎದ್ದು ಹೊರಗೆ ಹೋಗಿ ನಿಲ್ತಾನೆ. ತಿಂಗಳಿಗೊಂದು ಸಲ ದಿನಸಿ ಕೊಂಡು ಮನೆ ಬಾಗಿಲಲ್ಲಿ ಇಟ್ಟು ಬರ್ತಾನೆ. ದಿನಸಿ ಅಂಗಡಿಯವರು ಕಳಿಸಿದ್ದಾರೆ ಅಂತ ದೊಡ್ಡಮ್ಮ ತಿಳಿದಿದ್ದಾಳೆ. ಒಂದು ಸಲ ಎದುರಿಗೆ ಸಿಕ್ಕಿದಾಗ, "ತೊಗೊಳ್ಳಪ್ಪ, ಬಿಸಿಲಲ್ಲಿ ಬಂದಿದ್ದೀಯ" ಅಂತ ನೀರು ಕೊಟ್ಟು, ಅವನು ಕುಡಿಯೋವರೆಗೆ ಹೊಸ್ತಿಲಾಚೆಯೇ ನಿಲ್ಲಿಸಿದಳಂತೆ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನೂ ನಂಬಿರಲಿಲ್ಲ. ಹೋದ ವಾರ ದೊಡ್ಡಮ್ಮನನ್ನು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ನನ್ನ ಗುರುತು ಸಿಕ್ಕಿತು. ಕೂರಿಸಿದಳು, ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದಳು. ಕೋಣೆ ಬಾಗಿಲು ಹಾಕಿತ್ತು. ನಾನು ಆ ಕಡೆ ಹೋಗಲಿಲ್ಲ.

ಹೊರಡುವಾಗ ನೋಡಿದೆ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಮೊದಲು ಇರದ ಪೆನ್ಸಿಲಿನ ಗೆರೆಗಳು, ಒಂದರ ಮೇಲೊಂದು. ಬೆಳೆಯೋ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತು ಹಾಕ್ತಾರಲ್ಲ, ಹಾಗೆ. ಕೆಳಗಿನದು ಸೊಂಟದ ಹತ್ತಿರ. ಎಲ್ಲಕ್ಕಿಂತ ಮೇಲಿನದು ನನ್ನ ಭುಜಕ್ಕೆ ಬಂದಿತ್ತು.

ನಾನೇ ಬೆರಳಿಟ್ಟು ಉಜ್ಜಿ ನೋಡಿದೆ. ಪೆನ್ಸಿಲಿನ ಪುಡಿ ಬೆರಳಿಗೆ ಹತ್ತಿತು.