ದೊಡ್ಡಮ್ಮನ ಮಾತಿನ ಯಂತ್ರ

ಮನುಷ್ಯರಿಗೂ ಕಂಪ್ಯೂಟರಿಗೂ ಇರುವ ಒಡನಾಟದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಕಾಫಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಸಂಶೋಧಕರು ನಿಂತಿದ್ದರು. ಕಿರಿಯವನು ಜೊತೆಯ ಹೆಂಗಸನ್ನು ಕೇಳಿದ:

“ಅಕ್ಕಾ, ಲಕ್ವ ಹೊಡೆದು ಮಾತು ಹೋದ ಆ ದೊಡ್ಡಮ್ಮನಿಗೆ ಏನಂತ ಹೇಳಿ ಅವರ ಮಾತಿನ ಯಂತ್ರ ಇಲ್ಲಿಗೆ ತಂದ್ರಿ?”

“ಜನಕ್ಕೆ ತೋರಿಸಿ ವಾಪಸ್ ಕೊಡ್ತೀನಿ ಅಂದೆ.”

“ಕೊಡ್ತೀರಾ?”

“ಎಲ್ಲಿಂದ ಕೊಡ್ಲಿ? ಪ್ರಯೋಗ ಮುಗೀತು. ಇನ್ನು ಅದು ಪ್ರೊಫೆಸರ್ ರೂಮಿನ ಗಾಜಿನ ಬೀರುವಿಗೆ.”

“ಇನ್ನೊಂದು ಮಾಡ್ಬಹುದಲ್ಲ?”

“ಮಾಡಿದ್ದನ್ನೇ ಮತ್ತೆ ಮಾಡಿದ್ರೆ ಪ್ರಬಂಧ ಆಗಲ್ಲ ಕಣೋ. ಅದಕ್ಕೆ ಯಾರು ದುಡ್ಡು ಕೊಡ್ತಾರೆ?”

“ಪಾಪ, ಬೇಡ ಅನ್ನಲಿಲ್ವಾ?”

“ಇಲ್ಲ. ತಾವೇ ಒರೆಸಿ, ಟವಲಿನಲ್ಲಿ ಸುತ್ತಿ ಕೊಟ್ರು. ಈಗ ಮೊದಲಿನ ಹಾಗೇ ತಟ್ಟೆ ಬಡಿದು ಸೊಸೇನ ಕರೀತಿರ್ತಾರೆ.”

“ನಮ್ಮನ್ನ ಬೈಕೊಳ್ತಾರೆ.”

“ಯಾವ ಬಾಯಲ್ಲಿ?”

ಸಾಲು ಒಂದಿಷ್ಟು ಮುಂದೆ ಸರಿಯಿತು. ಅತ್ತ ಪ್ರದರ್ಶನದ ಮೇಜಿನ ಬಳಿ ಯಾರೋ ಯಂತ್ರದ ಗುಂಡಿ ಒತ್ತಿದರು.

“ಸೊಸೆಮ್ಮಾ, ಒಂಚೂರು ಬಾರೇ,” ಎಂದಿತು ಯಂತ್ರ.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅವರಿಬ್ಬರೂ ಕಾಫಿಯ ಆಸೆ ಬಿಟ್ಟು, ಕೊರಳಿನ ಬ್ಯಾಡ್ಜ್ ಸರಿಮಾಡಿಕೊಂಡು, ಬಂದವರಿಗೆ ವಿವರಿಸಲು ಅತ್ತ ಹೊರಟರು.