ಕರಡು ತಿದ್ದಿದ ಗಂಡನ ನಾಲ್ಕು ಮಾತು

ಮಾನ್ಯ ಅಧ್ಯಕ್ಷರೇ, ಪುಸ್ತಕದ ರಿಬ್ಬನ್ ಕತ್ತರಿಸಿ ಕತ್ತರಿ ಎಲ್ಲಿಟ್ಟೆನೆಂದು ಇನ್ನೂ ಹುಡುಕುತ್ತಿರುವ ಮುಖ್ಯ ಅತಿಥಿಗಳೇ, ತುದಿಯ ಕುರ್ಚಿಯಲ್ಲಿ ನನ್ನ ಕಡೆ ನೋಡದೆ ಕುಳಿತಿರುವ ಲೇಖಕಿಯೇ, ಅಂದರೆ ನನ್ನ ಧರ್ಮಪತ್ನಿಯೇ, ಚಹಾ ಆರುವ ಮೊದಲು ಇವನು ಮುಗಿಸಲಿ ಎಂದು ಹಾರೈಸುತ್ತಿರುವ ಸಭಿಕರೇ,

ಕರಡು ತಿದ್ದುವವನನ್ನು ವೇದಿಕೆಗೆ ಕರೆಯುವ ಪದ್ಧತಿ ಎಲ್ಲೂ ಇಲ್ಲ. ಗಂಡ ಎಂಬ ಕಾರಣಕ್ಕೆ ಕರೆದಿದ್ದಾರೆ. ಆ ಕಾರಣವೂ ಬೆಳಗ್ಗೆಯಿಂದ ಸ್ವಲ್ಪ ಅಲ್ಲಾಡುತ್ತಿದೆ. "ಕಾರ್ಯಕ್ರಮ ಮುಗಿದ ಮೇಲೆ ನಾನು ಮನೆಗೆ ಬರಲ್ಲ. ಲೈಬ್ರರಿ ಹಿಂದೆ ಒಂದು ರೂಮು ಹಿಡಿದಿದೀನಿ" ಎಂದಳು. ಯಾಕೆ ಎಂದೆ. "ಪುಸ್ತಕ ಓದಿ, ಗೊತ್ತಾಗುತ್ತೆ" ಎಂದಳು. ಸ್ವಾಮಿ, ಆ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಒಂದಕ್ಷರ ಬಿಟ್ಟಿಲ್ಲ.

ಆದರೆ ಹೇಗೆ ಓದಿದೆ? ನಮ್ಮ ಕಸುಬಿನಲ್ಲಿ ಅರ್ಥಕ್ಕೆ ಮನಸ್ಸು ಕೊಟ್ಟರೆ ಕಣ್ಣು ಮೋಸ ಹೋಗುತ್ತದೆ. ಆದ್ದರಿಂದ ನಾನು ಕೊನೆಯ ಪುಟದ ಕೊನೆಯ ಸಾಲಿನಿಂದ ಶುರುಮಾಡಿ ಹಿಂದೆ ಹಿಂದೆ ಬರುತ್ತೇನೆ. ಹಾಗೆ ಓದಿದರೆ ಈ ಕಾದಂಬರಿ ಎಷ್ಟು ಸುಖವಾಗಿದೆ ಗೊತ್ತೇ? ಒಬ್ಬ ಹೆಂಗಸು ಮನೆಯೊಳಗೆ ಬರುತ್ತಾಳೆ, ಉರಿಯುತ್ತಿದ್ದ ಮಹಡಿ ತಣ್ಣಗಾಗುತ್ತದೆ, ಮಾತಿಲ್ಲದವಳು ಮಾತಾಡುತ್ತಾಳೆ, ಕಡೆಗೆ ಮದುವೆ. ಎಲ್ಲ ಮಂಗಳವಾಯಿತು ಎಂದುಕೊಂಡು ಸಹಿ ಹಾಕಿ ಅಚ್ಚಿಗೆ ಕಳಿಸಿದೆ.

ಮದುವೆಯಿಂದ ಶುರುವಾಗಿ ಹೆಂಗಸು ಮನೆ ಬಿಡುವಲ್ಲಿ ಮುಗಿಯುವ ಇದರ ಸರಿಯಾದ ದಿಕ್ಕು ನನಗೆ ತಿಳಿದದ್ದು ಈಗ, ನನಗಿಂತ ಮೊದಲು ವಿಮರ್ಶಕ ಮಹಾಶಯರು ಮಾತಾಡಿದಾಗ. ಹಳೆಯ ಭೀತಿ ಕಾದಂಬರಿಗಳ ಪಾಳು ಬಂಗಲೆಯನ್ನು ಲೇಖಕಿ ಅಚ್ಚುಕೂಟದ ಮೇಲಿನ ಎರಡು ಕೋಣೆಯ ಮನೆಗೆ ಇಳಿಸಿದ್ದಾರಂತೆ. ಹೆಂಡತಿಯನ್ನು ಕೂಡಿಹಾಕುವ ಯಜಮಾನನ ಕೈಗೆ ಬೀಗದ ಕೈ ಬದಲು ಕೆಂಪು ಪೆನ್ನು ಕೊಟ್ಟಿದ್ದಾರಂತೆ. ಸಭೆ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ನನ್ನ ಜೇಬು ನೋಡಿಕೊಂಡೆ.

ನಾನು ಯಾರ ಬಾಗಿಲಿಗೂ ಚಿಲಕ ಹಾಕಿದವನಲ್ಲ. ದನಿ ಏರಿಸಿದವನಲ್ಲ. ತಿದ್ದಿದ್ದೇನೆ, ಅಷ್ಟೆ. ಮದುವೆ ನಿಶ್ಚಯವಾದಾಗ ಅವಳು ನನಗೆ ನಾಲ್ಕು ಪುಟದ ಕಾಗದ ಬರೆದಿದ್ದಳು. ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು, 'ಉಳಿದಂತೆ ಚೆನ್ನಾಗಿದೆ' ಎಂದು ಷರಾ ಬರೆದು ವಾಪಸು ಕಳಿಸಿದೆ. ಪ್ರೀತಿಯಿಂದಲೇ ಕಳಿಸಿದೆ. ಆಮೇಲೆ ಕಾಗದ ಬರಲಿಲ್ಲ. ಪಾಪ, ಮನೆಗೆಲಸ ಹೆಚ್ಚಿರಬೇಕು ಎಂದುಕೊಂಡೆ. ಮದುವೆಯಾದ ಮೇಲೆ ಸಾಮಾನಿನ ಚೀಟಿ ತಿದ್ದಿದೆ, ತವರಿಗೆ ಬರೆದದ್ದು ತಿದ್ದಿದೆ. ತಾಯಿ ತೀರಿಕೊಂಡ ದಿನ ಇವಳು ಅಳುತ್ತ ಆಡಿದ ಮಾತನ್ನೂ ತಿದ್ದಿದೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿ ಜಾರಿತು. ಬರಬರುತ್ತ ಮನೆಯಲ್ಲಿ ಮಾತೇ ನಿಂತಿತು. ನಮ್ಮದು ಎಂಥ ಹೊಂದಾಣಿಕೆ ನೋಡಿ ಎಂದು ನೆಂಟರ ಮುಂದೆ ಜಂಬ ಕೊಚ್ಚಿಕೊಂಡೆ.

ಪುಸ್ತಕದ ಕೊನೆಯ ಸಾಲಿನಲ್ಲಿ ಆ ಹೆಂಗಸು ಗಂಡನನ್ನು ಕೇಳುತ್ತಾಳೆ: "ನಾನು ಹೇಳಿದ್ದು ಒಂದಾದ್ರೂ ಕೇಳಿಸ್ತಾ?" ಮೂರು ಸಲವೂ ನಾನು ಮೊದಲು ಓದಿದ್ದು ಅದನ್ನೇ. ಮೂರು ಸಲವೂ ಪ್ರಶ್ನೆಚಿಹ್ನೆ ಇದೆಯೇ ಎಂದು ನೋಡಿ, ಇದೆ ಎಂದು ಗುರುತು ಹಾಕಿ ಮುಂದೆ ಹೋದೆ. ಎದುರು ಕುರ್ಚಿಯಲ್ಲಿ ಇವಳು ಕಾದು ಕೂತಿರುತ್ತಿದ್ದಳು. ನನಗೆ ಈಗ ತುಂಬ ನಾಚಿಕೆಯಾಗುತ್ತಿದೆ, ಸಭಿಕರೇ.

ಇಲ್ಲ ಕಣೇ, ಕೇಳಿಸಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಲೇಖಕಿ ಎದ್ದು, ಬಟ್ಟೆಯ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಾಯಿತು. ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಚೀಲ ಭಾರವಿದ್ದಂತಿದೆ, ಆ ರೂಮಿನ ತನಕ ಹೊತ್ತುಕೊಂಡು ಹೋಗುತ್ತೇನೆ. ಒಳಗೆ ಕರೆದರೆ ಅವಳ ದೊಡ್ಡತನ. ಕರೆಯದಿದ್ದರೆ ಮೆಟ್ಟಿಲ ಮೇಲೆ ಕೂತು ಮೊದಲ ಪುಟದಿಂದ ಓದುತ್ತೇನೆ. ಸಂಘಟಕರಿಗೆ, ತಾಳ್ಮೆಯಿಂದ ಕೇಳಿದ ನಿಮಗೆ ಕೃತಜ್ಞ. ಯಾರಾದರೂ ನನಗೊಂದು ಪ್ರತಿ ಕೊಡಿ, ದಾರಿ ಬಿಡಿ. ನಮಸ್ಕಾರ.