ಅಲ್ಲಾಡುವ ಹಲ್ಲು

ಆಪರೇಷನ್ನಿಗೆ ಹೋಗಲಿದ್ದ ಅಪ್ಪನ ಫಾರ್ಮ್ ತುಂಬಿ ಕೊಟ್ಟು ಸಂಪದಾ ಕೂತಿದ್ದಳು. ಹಿಂದಿನ ಸಾಲಿನಲ್ಲಿ, ಒಳಗಿದ್ದ ಮುದುಕಿಯೊಬ್ಬಳ ಮಗಳೂ ಸೊಸೆಯೂ ಜಗಳಕ್ಕೆ ಬಿದ್ದಿದ್ದರು.

“ಅಲ್ಲಾಡೋ ಹಲ್ಲು ಅದಾವೇನು ಅಂತ ಡಾಕ್ಟರ್ ಕೇಳಿದ್ರ, ಇಲ್ಲ ಅಂದಾಕಿ ಯಾರು?” ಮಗಳು ಕೇಳಿದಳು.

“ನಾನರಿ.”

“ಗಂಟಲಿಗೆ ಪೈಪ್ ಹಾಕೂಮುಂದ ಹಲ್ಲು ಕಿತ್ತು ಬಂದು ಅವ್ವನ ಎದಿಯೊಳಗ ಇಳದೈತಿ. ಹೊಟ್ಟಿ ತಣ್ಣಗಾತೇನು?”

“ಹೋದ ಸಲ ನಾ ಡಾಕ್ಟರಿಗೆ ಶುಗರ್ ಐತಿ ಅಂತ ಹೇಳಿದ್ದಕ್ಕ, ‘ನಮ್ಮವ್ವನ್ನ ರೋಗಿಷ್ಟಿ ಮಾಡಿದಿ’ ಅಂತ ಬೈದವರು ನೀವರಿ.”

“ಈಗ ಬಾಯಿ ಬಂತು ನೋಡು!”

“ಹಲ್ಲಿನ ಸಂಗತಿ ನಿಮಗೂ ಗೊತ್ತಿತ್ತು. ಬಾಜೂಕ ನಿಂತಿದ್ರಿ.”

“ಕೇಳಿದ್ದು ನಿನ್ನ, ನನ್ನಲ್ಲ.”

ನರ್ಸ್ ಕರೆದಳು. ಇಬ್ಬರೂ ಮುಖ ತಿರುವಿಕೊಂಡೇ ಒಳಗೆ ಹೋದರು.

ಸಂಪದಾ ಕೌಂಟರಿಗೆ ಓಡಿದಳು. ಫಾರ್ಮಿನಲ್ಲಿದ್ದ ಹಲ್ಲಿನ ಪ್ರಶ್ನೆಗೆ ಅವಳೂ ಸರಿಯಾಗಿ ಓದದೆಯೇ ‘ಇಲ್ಲ’ ಎಂದು ಬರೆದಿದ್ದಳು.